ಕ್ಯಾನ್ಸರ್ ಗುಳಿಗಿ ನುಂಗ್ಕೋಂತನ ಮನಿ, ಅಂಗಡಿ, ಜಾತ್ರಿ ನಡೆಸೋದು ಹೆಂಗ: ಹೆಜ್ಜಿ ಹೆಜ್ಜಿಗೆ

ನಮ್ಮ ಅಡಗಿಮನಿ ಬಾಗಲ ಹಿಂದ ಒಂದು ಕ್ಯಾಲೆಂಡರ್ ತೂಗತೈತಿ. ಅದರಾಗ ನಮ್ಮತ್ತಿ ಹಾಲಿನ ಲೆಕ್ಕ ಬರೀತಿದ್ರು, ಅರ್ಧ ಲೀಟರ್ ಅಂದ್ರ ಒಂದು ಗೀಟು, ಒಂದು ಲೀಟರ್ ಅಂದ್ರ ಎರಡು. ಈಗ ಮೂರು ವರ್ಷದಿಂದ ಅದರ ಮ್ಯಾಲ ನನ್ನ ಗುಳಿಗಿ ಲೆಕ್ಕಾನೂ ಐತಿ, ಹಾಲಿಗೆ ನೀಲಿ ಪೆನ್ನು, ಗುಳಿಗಿಗೆ ಕೆಂಪು. ನಾನು ಗಂಗಾವತಿಯವಳು, ಬ್ಲೌಸ್ ಹೊಲಿಯೋ ಸಣ್ಣ ಅಂಗಡಿ ಐತಿ, ಸ್ತನ ಕ್ಯಾನ್ಸರ್‌ಗೆ ಪಾಲ್ಬೋಸಿಕ್ಲಿಬ್ ಮತ್ತ ಲೆಟ್ರೋಜೋಲ್ ತಗೋತೀನಿ. ನಮ್ಮ ಕಡೆಯವರು ಫೋನ್ ಮಾಡಿ "ಅಕ್ಕ, ನೀ ಹೆಂಗ ಎಲ್ಲಾ ನಿಭಾಯಿಸ್ತಿ" ಅಂತ ಕೇಳ್ತಾನ ಇರ್ತಾರ, ಪ್ರತಿಯೊಬ್ರಿಗೂ ಹೇಳಿ ಹೇಳಿ ಸಾಕಾಗಿ ಇದನ್ನ ಒಂದ ಕಡೆ ಬರದಿಟ್ಟೀನಿ. ನಾನು ಡಾಕ್ಟರ್ ಅಲ್ಲ, ಡೋಸಿನ ಮಾತು ಡಾಕ್ಟರದ್ದು, ಮನಿ ಮಾತು ನನ್ನದು.

ಹೆಜ್ಜಿ 1: ನಿಮ್ಮ ಔಷಧದ ಹೆಸರು ಬಾಯಿಪಾಠ ಮಾಡ್ರಿ

"ಕ್ಯಾನ್ಸರ್ ಗುಳಿಗಿ" ಅಂದ್ರ ಸಾಲಂಗಿಲ್ಲ. ಟಾರ್ಗೆಟೆಡ್, ಅಂದ್ರ ಕ್ಯಾನ್ಸರ್ ಕಣಾನ ಗುರಿ ಇಟ್ಟು ಹಿಡಿಯೋ ಔಷಧದಾಗ ಸುಮಾರು ಜಾತಿ ಅದಾವು, ಒಂದೊಂದರ ಕಾಟ ಒಂದೊಂದು ಥರ. ಕ್ಯಾನ್ಸರ್ ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯೋದು), ಹರ್2 ನೆಗೆಟಿವ್ (ಹರ್2 ಅನ್ನೋ ಪ್ರೋಟೀನ್ ಜಾಸ್ತಿ ಇಲ್ಲದ್ದು) ಇದ್ದೋರಾಗ ಕೆಲವರಿಗೆ ಪಾಲ್ಬೋಸಿಕ್ಲಿಬ್, ರೈಬೋಸಿಕ್ಲಿಬ್, ಅಬೆಮಾಸಿಕ್ಲಿಬ್ ಈ ಮೂರರಾಗ ಒಂದು ಕೊಡ್ತಾರ, ಜೊತಿಗೆ ಲೆಟ್ರೋಜೋಲ್‌ನಂಥ ಹಾರ್ಮೋನ್ ತಡಿಯೋ ಗುಳಿಗಿ. ಹರ್2 ಪಾಸಿಟಿವ್ ಇದ್ದೋರಿಗೆ ಟ್ರಾಸ್ಟುಜುಮಾಬ್, ಅದು ಗುಳಿಗಿ ಅಲ್ಲ, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಹಾಕೋ ಇಂಜೆಕ್ಷನ್. ಮೊದಲು ಇದರ ರೇಟು ಕೇಳಿದ್ರ ತಲಿ ತಿರುಗತಿತ್ತು, 2014ರಾಗ ಬಯೋಕಾನ್ ಕಂಪನಿದು ಬಂತು, ಆಮ್ಯಾಲ ಬ್ಯಾರೆ ಕಂಪನಿದೂ ಬಂದು ರೇಟು ಇಳೀತು.

ಪಾಲ್ಬೋ ಮಾಡೋ ಕಾಟ ರಕ್ತದ ಕೌಂಟ್, ಅಂದ್ರ ರಕ್ತಕಣದ ಲೆಕ್ಕ, ಇಳಿಸೋದು. ರೈಬೋ ಕೌಂಟ್ ಜೊತಿಗೆ ಹೃದಯದ ಬಡಿತದ ಲಯ ಮತ್ತ ಲಿವರ್‌ಗೂ ಕೈ ಹಾಕಬಹುದು, ಅದಕ್ಕ ಇಸಿಜಿ ಮಾಡಸ್ತಾರ. ಅಬೆಮಾ ಹೊಟ್ಟಿ ಕೆಡಸತೈತಿ. ಟ್ರಾಸ್ಟುಜುಮಾಬ್‌ನವರು ಹೃದಯದ ಪಂಪಿಂಗ್ ನೋಡೋಕ ಶುರುವಿನ ಮುಂಚೆ ಒಂದು ಎಕೋ, ಆಮ್ಯಾಲ ಸುಮಾರು ಮೂರು ತಿಂಗಳಿಗೊಂದು ಎಕೋ ಮಾಡಸ್ಕೋಬೇಕು. ಬಾಜೂ ಮನಿ ಅಕ್ಕಗ ಆಗಿದ್ದು ನಿಮಗೂ ಆಗತೈತಿ ಅಂತ ಅಂಜೋಕ ಮುಂಚೆ ಆಕಿ ತಗೊಂಡಿದ್ದು ಯಾವ ಔಷಧ ಅಂತ ಕೇಳ್ರಿ. ನಂಗ ಒಬ್ರು "ಕೂದಲ ಪೂರಾ ಹೋಗತೈತಿ" ಅಂತ ಹೆದರಿಸಿದ್ರು, ಅವರು ನೋಡಿದ್ದು ಕೀಮೋ, ನಂದು ತೆಳ್ಳಗಾತು ಅಷ್ಟ, ಜಡಿ ಇನ್ನೂ ಐತಿ.

ಔಷಧದ ಹೆಸರು, ಎಷ್ಟು ಎಂಜಿ, ಶುರು ಮಾಡಿದ ದಿನ, ಆಸ್ಪತ್ರಿ ಫೋನ್ ನಂಬರ್ ಒಂದು ಚೀಟಿ ಮ್ಯಾಲ ಬರದು ಪರ್ಸಿನಾಗ ಇಡ್ರಿ, ಇನ್ನೊಂದು ಫೋಟೋ ಮಗಳದೋ ಗಂಡಂದೋ ಫೋನ್‌ನಾಗ ಇರಲಿ. ಮುಂದ ಇದು ಎಷ್ಟು ಸಲ ಕೆಲಸಕ್ಕ ಬರತೈತಿ ನೋಡ್ರಿ.

ಹೆಜ್ಜಿ 2: ಹಾಲಿನ ಲೆಕ್ಕದಂಗ ಗುಳಿಗಿ ಲೆಕ್ಕ

ಪಾಲ್ಬೋ ಮತ್ತ ರೈಬೋ 21 ದಿನ ತಗೊಂಡು 7 ದಿನ ಬಿಡೋದು, ಈ 28 ದಿನಕ್ಕ ಒಂದು ಸುತ್ತು ಅಂತಾರ. ಅಬೆಮಾ ದಿನಕ್ಕ ಎರಡು ಸಲ, ಬಿಡುವಿಲ್ಲ. ಲೆಟ್ರೋಜೋಲ್ ದಿನಾ, ಬಿಡೋ ವಾರದಾಗೂ. ಇಲ್ಲೇ ಎಲ್ಲಾರೂ ಎಡವೋದು. ಬಿಡುವಿನ ವಾರ ಅಂತ ಎರಡೂ ಬಿಡ್ತಾರ, ನಾನೂ ಮೊದಲನೇ ತಿಂಗಳು ನಾಲ್ಕು ದಿನ ಹಂಗ ಮಾಡಿದ್ದೆ. ಅದಕ್ಕ ಪಾಲ್ಬೋಕ್ಕ ಕೆಂಪು ಗೀಟು, ಲೆಟ್ರೋಜೋಲ್‌ಗೆ ಕೆಂಪು ಚುಕ್ಕಿ, ಗೀಟು ಇಲ್ಲದ ವಾರದಾಗೂ ಚುಕ್ಕಿ ಇರಬೇಕು.

ಟೈಮು ಒಂದ ಇರಲಿ. ನಾನು ರಾತ್ರಿ ಊಟದ ಜೊತಿಗೆ ತಗೋತೀನಿ, ಯಾಕಂದ್ರ ಪಾಲ್ಬೋ ಕ್ಯಾಪ್ಸೂಲ್ ಆದ್ರ ಊಟದ ಜೊತಿಗೇ ತಗೋಬೇಕು, ಅದ ಔಷಧ ಟ್ಯಾಬ್ಲೆಟ್ ರೂಪದಾಗ ಬಂದ್ರ ಆ ನಿಯಮ ಇಲ್ಲ, ನಿಮ್ಮ ಡಬ್ಬಿ ಯಾವುದು ಅಂತ ನೋಡ್ಕೊಳ್ರಿ. ರೈಬೋನವರಿಗೆ ಮುಂಜಾನಿ ತಗೊಳ್ಳೋದು ಚಲೋ ಅಂತಾರ. ಒಂದಿನ ಮರೆತ್ರ, ಇಲ್ಲಾ ನುಂಗಿದ ಮ್ಯಾಲ ವಾಂತಿ ಆದ್ರ, ಅವತ್ತು ಮತ್ತ ನುಂಗಬ್ಯಾಡ್ರಿ, ಮರುದಿನ ಎರಡು ನುಂಗಿ ಸರಿದೂಗಸೋದೂ ಬ್ಯಾಡ, ಮಾಮೂಲಿ ಟೈಮಿಗೆ ಮಾಮೂಲಿ ಡೋಸ್ ಅಷ್ಟ. ಅವತ್ತಿನ ಜಾಗದಾಗ ಒಂದು ಸೊನ್ನಿ ಹಾಕ್ರಿ, ಡಾಕ್ಟರ್ ಕೇಳಿದಾಗ ಸುಳ್ಳು ಹೇಳೋ ಗೋಜು ಇರಂಗಿಲ್ಲ. ಗುಳಿಗಿ ಕುಟ್ಟಿ ಪುಡಿ ಮಾಡೋದು, ಕ್ಯಾಪ್ಸೂಲ್ ಒಡದು ಮಜ್ಜಿಗಿಯಾಗ ಹಾಕೋದು ಎರಡೂ ಬ್ಯಾಡ.

ಹೆಜ್ಜಿ 3: ರಕ್ತ ತಪಾಸಣಿ, ಮತ್ತ ಆ ಒಂದು ನಂಬರು

ಪಾಲ್ಬೋನವರಿಗೆ ಮೊದಲ ಎರಡು ಸುತ್ತಿನಾಗ ಶುರುವಿಗೊಮ್ಮೆ, 15ನೇ ದಿನಕ್ಕೊಮ್ಮೆ ಸಿಬಿಸಿ, ಅಂದ್ರ ರಕ್ತಕಣ ಎಣಿಸೋ ತಪಾಸಣಿ, ಮಾಡಸ್ತಾರ, ಆಮ್ಯಾಲ ಪ್ರತಿ ಸುತ್ತಿನ ಶುರುವಿಗೆ. ರಿಪೋರ್ಟ್‌ನಾಗ ಹತ್ತಿಪ್ಪತ್ತು ಸಾಲು ಇರ್ತಾವು, ನೀವು ಹುಡುಕಬೇಕಾದ್ದು ನ್ಯೂಟ್ರೋಫಿಲ್, ಅಂದ್ರ ಸೋಂಕಿನ ಜೊತಿ ಹೊಡದಾಡೋ ಬಿಳಿ ಕಣ, ಅದರ ಲೆಕ್ಕಕ್ಕ ಎಎನ್‌ಸಿ ಅಂತಾರ. ಹೊಸ ಸುತ್ತು ಶುರು ಮಾಡೋ ದಿನ ಅದು 1000ಕ್ಕಿಂತ ಕಡಿಮಿ ಬಂದ್ರ ಸಾಮಾನ್ಯವಾಗಿ ಒಂದು ವಾರ ತಡೀರಿ ಅಂತಾರ. ನಂಗ ಎರಡನೇ ಸುತ್ತಿನಾಗ 820 ಬಂದಿತ್ತು, ಅತ್ತು ಅತ್ತು ಮಕ ಊದಿಸ್ಕೊಂಡಿದ್ದೆ, ಡಾಕ್ಟರ್ ಮೇಡಂ ನಕ್ಕರು. ಅವರು ತಿಳಿಸಿದ್ದು ಏನಂದ್ರ ಕೀಮೋ ಮೂಳಿ ಮಜ್ಜಿಯಾಗಿನ ಕಣ ಸಾಯಿಸತೈತಿ, ಈ ಗುಳಿಗಿ ಅವನ್ನ ಸುಮ್ನ ಕುಂದರಸತೈತಿ ಅಷ್ಟ, ನಿಲ್ಲಿಸಿದ್ರ ಎದ್ದು ಮತ್ತ ಕೆಲಸಕ್ಕ ಹತ್ತತಾವು, ಬಿಡುವಿನ 7 ದಿನ ಇಟ್ಟಿರೋದ ಅದಕ್ಕ. ಮುಂದ ನನ್ನ ಡೋಸ್ 125ರಿಂದ 100ಕ್ಕ ಇಳಿಸಿದ್ರು. ಡೋಸ್ ಇಳಿಸಿದ್ರ ಔಷಧ ಹತ್ತಲಿಲ್ಲ ಅಂತ ಅರ್ಥ ಅಲ್ಲ, ನಿಮ್ಮ ಮೈಗೆ ಹೊಂದೋ ಅಳತಿ ಸಿಕ್ತು ಅಂತ, ಬ್ಲೌಸ್ ಒಂದು ಇಂಚು ಹಿಡದು ಹೊಲದಂಗ.

ಆಸ್ಪತ್ರಿಗೆ ಹೋದ ದಿನಾನ ರಕ್ತ ಕೊಟ್ಟು ರಿಪೋರ್ಟ್‌ಗೆ ಸಂಜಿತನ ಕುಂದರೋಕಿಂತ, ಎರಡು ದಿನ ಮುಂಚೆ ನಿಮ್ಮೂರ ಲ್ಯಾಬ್‌ನಾಗ ಕೊಟ್ಟು ರಿಪೋರ್ಟ್ ವಾಟ್ಸಾಪ್ ಮಾಡೋಕ ಡಾಕ್ಟರ್ ಒಪ್ಪತಾರೇನು ಕೇಳ್ರಿ. ಕೌಂಟ್ ಕಡಿಮಿ ಇದ್ರ ಸುಮ್ನ ಬಳ್ಳಾರಿತನ, ಬೆಂಗಳೂರತನ ಹೋಗಿ ಬರೋದು ತಪ್ಪತೈತಿ. ಒಂದ ಲ್ಯಾಬ್ ಹಿಡೀರಿ, ಮತ್ತ ಆಪರೇಷನ್ ಆದ ಬದಿ ಕೈ ಕೊಡಬ್ಯಾಡ್ರಿ.

ಹೆಜ್ಜಿ 4: ಜ್ವರ

ಬ್ಯಾರೆ ಏನು ಮರೆತ್ರೂ ಇದನ್ನ ಮರೀಬ್ಯಾಡ್ರಿ. ಮನ್ಯಾಗ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಹಣಿ ಮ್ಯಾಲ ಕೈ ಇಟ್ಟು ನೋಡೋದು ಲೆಕ್ಕಕ್ಕ ಬರಂಗಿಲ್ಲ, ನಮ್ಮ ರಾಯಚೂರು ಬಳ್ಳಾರಿ ಬಿಸಲಾಗ ಎಲ್ಲಾರ ಹಣಿನೂ ಸುಡತಿರತೈತಿ. 100.4 ಫ್ಯಾರನ್‌ಹೀಟ್ ಮುಟ್ಟಿದ್ರ, ಇಲ್ಲಾ ಚಳಿ ಹತ್ತಿ ನಡುಗಿದ್ರ, ರಾತ್ರಿ ಎರಡ ಗಂಟೆ ಆದ್ರೂ ಫೋನ್ ಮಾಡೋದು, ಆಸ್ಪತ್ರಿಗೆ ಹೋಗೋದು, ಕೌಂಟ್ ನೋಡಸೋದು. ಪ್ಯಾರಸಿಟಮಾಲ್ ನುಂಗಿ ಮುಂಜಾನಿ ನೋಡೋಣು ಅನ್ನಬ್ಯಾಡ್ರಿ, ಜ್ವರ ಮುಚ್ಚಿಹೋಗತೈತಿ, ಸೋಂಕು ಒಳಗ ಬೆಳೀತೈತಿ.

ನಾನು ಹಂಗ ಮಾಡಿದ್ದೆ. ಕೊಪ್ಪಳದ ಗವಿಮಠದ ಜಾತ್ರಿಗೆ ಹೋಗಿ ಬಂದಿದ್ದೆ, ಸುತ್ತಿನ 17ನೇ ದಿನ, ಅಂದ್ರ ಕೌಂಟ್ ತಳಕ್ಕ ಹತ್ತೋ ಹೊತ್ತು. ರಾತ್ರಿ 101 ಬಂತು, ಓಣ್ಯಾಗಿನ ಡಾಕ್ಟರ್ ಒಬ್ರ ಹತ್ರ ಹೋದ್ರ ಏನೂ ಕೇಳದ ಒಂದು ಸೂಜಿ ಚುಚ್ಚಿ ನಾಲ್ಕು ಬಣ್ಣದ ಗುಳಿಗಿ ಕೊಟ್ಟು ಕಳಿಸಿದ್ರು, ನಾನೂ ಕ್ಯಾನ್ಸರ್ ಗುಳಿಗಿ ವಿಷಯ ಬಾಯಿ ಬಿಡಲಿಲ್ಲ, ನಾಚಿಕಿ. ಮೂರನೇ ದಿನಕ್ಕ ಐದು ದಿನ ಅಡ್ಮಿಟ್. ತಪ್ಪು ಅರ್ಧ ಅವರದು ಅರ್ಧ ನಂದು. ಆ ಪರ್ಸಿನಾಗಿನ ಚೀಟಿ ಹುಟ್ಟಿದ್ದು ಅವತ್ತು.

ಹಂಗಂತ ಜಾತ್ರಿನ ಬಿಡಬೇಕಂತಿಲ್ಲ. ಕೌಂಟ್ ಹೆಚ್ಚುಕಡಿಮಿ 15ರಿಂದ 21ನೇ ದಿನದಾಗ ಕೆಳಗ ಇರತೈತಿ, ಬಿಡುವಿನ ವಾರದ ಕೊನಿಗೆ ಮ್ಯಾಲೇರತೈತಿ. ಮದುವಿ, ಹುಲಿಗೆಮ್ಮನ ಹುಣ್ಣಿಮಿ, ಸಂತಿ, ಎಲ್ಲಾದರ ದಿನಾಂಕ ಕ್ಯಾಲೆಂಡರ್‌ನ್ಯಾಗ ನಿಮ್ಮ ಗೀಟಿನ ಪಕ್ಕಕ್ಕ ಇಟ್ಟು ನೋಡ್ರಿ. ತೇರು ಎಳಿಯೋ ದಿನ ಗದ್ದಲದಾಗ ನುಗ್ಗೋ ಬದಲಿ ನಾಲ್ಕು ದಿನ ಬಿಟ್ಟು ಮುಂಜಾನಿ ಹೋದ್ರೂ ದೇವರು ಅಲ್ಲೇ ಇರ್ತಾನ. ನಾನೀಗ ಹಂಗ ಮಾಡೋದು, ದರ್ಶನಾನೂ ಚಲೋ ಆಗತೈತಿ.

ಜ್ವರದ ಜೊತಿಗೆ ಇನ್ನೂ ಒಂದೆರಡು. ಹೊಸದಾಗಿ ಒಣಕೆಮ್ಮು ಹತ್ತಿ ಮೆಟ್ಟಿಲು ಹತ್ತೋಕ ದಮ್ಮು ಬಂದ್ರ, ಅದು ಮೆಣಸಿನಕಾಯಿ ಘಾಟು, ಗಣಿ ಧೂಳು ಅಂತ ಸುಮ್ನಾಗಬ್ಯಾಡ್ರಿ, ಅಪರೂಪಕ್ಕ ಈ ಗುಳಿಗಿಗಳು ಶ್ವಾಸಕೋಶ ಉರಿಯೂತ ಮಾಡ್ತಾವು. ಒಂದ ಕಾಲು ಬಾತು ಮೀನಖಂಡ ನೋಯ್ತಿದ್ರ ರಕ್ತ ಹೆಪ್ಪುಗಟ್ಟಿರಬಹುದು, ಅಬೆಮಾದವರು ಇದನ್ನ ಜಾಸ್ತಿ ಗಮನಿಸ್ರಿ. ಟ್ರಾಸ್ಟುಜುಮಾಬ್‌ನವರು ಎರಡೂ ಕಾಲು ಬಾತ್ರ, ರಾತ್ರಿ ಮಲಗೋಕ ದಿಂಬಿನ ಮ್ಯಾಲ ದಿಂಬು ಬೇಕಾದ್ರ, ಎಕೋ ತಾರೀಖಿನತನ ಕಾಯಬ್ಯಾಡ್ರಿ.

ಹೆಜ್ಜಿ 5: ಊಟ

ಪಥ್ಯ ಹೇಳೋ ಮಂದಿ ಬೀದಿಗೆ ಹತ್ತು ಜನ. ಒಬ್ರು ಮೊಸರು ಬ್ಯಾಡ, ಇನ್ನೊಬ್ರು ಸಕ್ಕರಿ ಬ್ಯಾಡ, ಮತ್ತೊಬ್ರು ಬದನಿಕಾಯಿ ನಂಜು. ಇವರ ಮಾತು ಕೇಳಿದ್ರ ನಾಲ್ಕು ತಿಂಗಳಿಗೆ ಮೈಯಾಗ ಸತ್ವ ಇರಂಗಿಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಮಡಕಿಕಾಳು ಪಲ್ಯ, ತತ್ತಿ ತಿನ್ನೋರು ಪೂರಾ ಬೆಂದ ತತ್ತಿ, ಮನ್ಯಾಗ ಕಾಸಿದ ಹಾಲಿನ ಮೊಸರು, ಶೇಂಗಾ ಚಟ್ನಿ, ಇಷ್ಟಾದ್ರ ಅರ್ಧ ಗೆದ್ದಂಗ. ಕೌಂಟ್ ಕಡಿಮಿ ಇರೋ ವಾರದಾಗ ಬೇಯಿಸಿದ್ದು ತಿನ್ರಿ, ಸೌತಿಕಾಯಿ ಉಳ್ಳಾಗಡ್ಡಿ ಚೆನ್ನಾಗಿ ತೊಳದು ಸಿಪ್ಪಿ ತಗದು ತಿನ್ರಿ, ರಸ್ತೆ ಪಾನಿಪುರಿ, ಕತ್ತರಿಸಿಟ್ಟ ಕಲ್ಲಂಗಡಿ, ಐಸ್ ಹಾಕಿದ ಕಬ್ಬಿನ ಹಾಲು ಬ್ಯಾಡ.

ಬಾಯಿ ಹುಣ್ಣಾದಾಗ ಖಟಕ್ ರೊಟ್ಟಿ ಅಂದ್ರ ಗಾಜು ತಿಂದಂಗ. ಮೆತ್ತನ್ನ ರೊಟ್ಟಿ ಹಾಲಿನ್ಯಾಗ ನೆನಸ್ಕೊಂಡ್ರಿ, ನುಚ್ಚು ಮಜ್ಜಿಗಿ ಉಂಡ್ರಿ, ಒಂದು ಗ್ಲಾಸ್ ಬೆಚ್ಚನ ನೀರಿಗೆ ಚಿಟಿಕಿ ಉಪ್ಪು, ಚಿಟಿಕಿ ಅಡಗಿ ಸೋಡಾ ಹಾಕಿ ದಿನಕ್ಕ ನಾಲ್ಕೈದು ಸಲ ಬಾಯಿ ಮುಕ್ಕಳಿಸ್ರಿ. ಮತ್ತ ಒಗ್ಗರಣಿ ಮಿರ್ಚಿ? ಬಾಯಿ ಚಲೋ ಇದ್ದು ಹೊಟ್ಟಿ ಚಲೋ ಇದ್ದಾಗ, ಬಿಸಿ ಬಿಸಿ, ಕಣ್ಣ ಮುಂದ ಕರದಿದ್ದು, ಒಂದು ತಿನ್ರಿ. ನಾನಂತೂ ತಿಂತೀನಿ.

ನಿಜವಾಗ್ಲೂ ಬಿಡಬೇಕಾದ್ದನ್ನ ಯಾರೂ ಹೇಳಂಗಿಲ್ಲ, ಅದು ಚಕ್ಕೋತ ಹಣ್ಣು, ಅದರ ಜಾತಿಯ ಗ್ರೇಪ್‌ಫ್ರೂಟ್, ಅವುಗಳ ಜ್ಯೂಸ್. ಇವು ಲಿವರ್ ಔಷಧ ಕರಗಸೋದನ್ನ ತಡದು ರಕ್ತದಾಗ ಔಷಧ ಜಾಸ್ತಿ ಮಾಡ್ತಾವು. ರೈಬೋ ತಗೊಳ್ಳೋರು ದಾಳಿಂಬರಿ ತಿನ್ನೋಕ ಮುಂಚೆಯೂ ಡಾಕ್ಟರ್‌ಗೆ ಕೇಳ್ರಿ. ನಮ್ಮ ಕುಷ್ಟಗಿ ಕಡೆ ಬೆಳೀತಾರಲ್ಲ, ಪೇಶೆಂಟ್ ನೋಡಾಕ ಬರೋರು ರಕ್ತ ಆಗಲಿ ಅಂತ ಕೆಜಿಗಟ್ಟಲೆ ತಂದು ಸುರೀತಾರ, ಅದರಿಂದ ಬಿಳಿ ಕಣ ಏರಂಗಿಲ್ಲ. ಪಪ್ಪಾಯಿ ಎಲಿ ರಸ, ಬೇರಿನ ಪುಡಿ, ಅರಿಶಿಣದ ಕ್ಯಾಪ್ಸೂಲ್ ಇವನ್ನ ಡಾಕ್ಟರಿಗೆ ಹೇಳದ ತಗೋಬ್ಯಾಡ್ರಿ, ಅಡಗಿಗೆ ಹಾಕೋ ಅರಿಶಿಣಕ್ಕ ಏನೂ ತೊಂದ್ರಿ ಇಲ್ಲ.

ಅಬೆಮಾದವರು ಭೇದಿ ತಡಿಯೋ ಲೋಪೆರಮೈಡ್ ಗುಳಿಗಿ, ಓಆರ್‌ಎಸ್ ಪಾಕೀಟು ಮನ್ಯಾಗೊಂದು ಜೋಡಿ, ಚೀಲದಾಗೊಂದು ಜೋಡಿ ಇಟ್ಕೊಂಡಿರ್ರಿ. ಮೊದಲನೇ ಸಲ ತೆಳ್ಳಗ ಆದ ಕೂಡಲೆ ಡಾಕ್ಟರ್ ಹೇಳಿದ ಲೆಕ್ಕದಾಗ ಶುರು ಮಾಡಿ ಫೋನ್ ಮಾಡ್ರಿ, ಐದಾರು ಸಲ ಆಗಲಿ ನೋಡೋಣು ಅನ್ನಬ್ಯಾಡ್ರಿ. ರಕ್ತ ಬಿದ್ರ, ಇಲ್ಲಾ ಜೊತಿಗೆ ಜ್ವರ ಇದ್ರ ನೀವ ಗುಳಿಗಿ ನುಂಗೋದಲ್ಲ, ಸೀದಾ ಆಸ್ಪತ್ರಿ. ಪಾಕೀಟು ಇಲ್ಲದಾಗ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಸಪಾಟು ಇರಲಿ.

ಹೆಜ್ಜಿ 6: ಬ್ಯಾರೆ ಗುಳಿಗಿಗಳ ಜಗಳ

ಫಂಗಸ್‌ಗೆ ಕೊಡೋ ಇಟ್ರಾಕೋನಜೋಲ್, ಕೀಟೋಕೋನಜೋಲ್, ಆಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್ ಇವು ಚಕ್ಕೋತದಂಗ ಔಷಧ ಏರಸ್ತಾವು. ಟಿಬಿಗೆ ಕೊಡೋ ರಿಫಾಂಪಿಸಿನ್ ಉಲ್ಟಾ, ಔಷಧ ಇಳಿಸಿಬಿಡತೈತಿ. ರೈಬೋನವರಿಗೆ ಇನ್ನೊಂದು ಪಟ್ಟಿ: ಅಜಿಥ್ರೋಮೈಸಿನ್, ಸಿಪ್ರೋಫ್ಲಾಕ್ಸಸಿನ್, ವಾಂತಿಗೆ ಕೊಡೋ ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ಇವೂ ಇಸಿಜಿ ಮ್ಯಾಲ ಅದ ಥರ ಪರಿಣಾಮ ಮಾಡೋವು. ನಮ್ಮೂರ ಮೆಡಿಕಲ್‌ನಾಗ ಇವೆಲ್ಲಾ ಚೀಟಿ ಇಲ್ಲದ ಸಿಗ್ತಾವು, ಅದ ಅಂಜಿಕಿ. ಚೀಟಿ ತೋರಿಸಿ "ಇದರ ಜೊತಿ ಹೊಂದತೈತಿ ಏನ್ರಿ" ಅಂತ ಕೇಳ್ರಿ, ಅಂಗಡಿಯವರು ಮಕ ಮಕ ನೋಡಿದ್ರ ಕ್ಯಾನ್ಸರ್ ಡಾಕ್ಟರಿಗೆ ಫೋಟೋ ಕಳಿಸ್ರಿ. ಮೂಳಿಗಂತ ಜೋಲೆಡ್ರೋನಿಕ್ ಇಂಜೆಕ್ಷನ್ ತಗೊಳ್ಳೋರು ಹಲ್ಲು ಕೀಳಸೋಕ ಮುಂಚೆ ತಪ್ಪದ ಹೇಳ್ರಿ, ದವಡಿ ಮೂಳಿ ಮಾಯಂಗಿಲ್ಲ ಒಮ್ಮೊಮ್ಮೆ.

ಹೆಜ್ಜಿ 7: ಬಿಸಲು

ಲೆಟ್ರೋಜೋಲ್ ಮೈಗೆ ಬೆಂಕಿ ಹಚ್ಚತೈತಿ, ಕುಂತಲ್ಲೇ ಕುತಿಗಿಯಿಂದ ಮ್ಯಾಲ ಝಳ ಏರಿ ಬೆವರು ಸುರೀತೈತಿ, ಅದೂ ಮೇ ತಿಂಗಳ 42 ಡಿಗ್ರಿಯಾಗ. ಯಾವುದು ಸೂರ್ಯಂದು ಯಾವುದು ಗುಳಿಗಿದು ಗೊತ್ತಾಗಂಗಿಲ್ಲ. ಹತ್ತಿ ಸೀರಿ, ಕೊರಳಿಗೊಂದು ತೊಯಿಸಿದ ಟವೆಲ್, ಮಣ್ಣಿನ ಗಡಗಿ ನೀರು, ಚಹಾ ದಿನಕ್ಕ ಎರಡಕ್ಕ ಇಳಿಸಿದ್ದು, ನಂಗ ಹತ್ತಿದ್ದು ಇಷ್ಟ. ಸಂದು ನೋವಿಗೆ ಮಾತ್ರ ನಡಿಗಿನ ಔಷಧ, ಮುಂಜಾನಿ ಐದೂವರಿಗೆ ಅರ್ಧ ತಾಸು, ಮೊದಲ ಹತ್ತು ಹೆಜ್ಜಿ ಮುದುಕಿ ಥರ, ಆಮ್ಯಾಲ ಸರಿ. ಕ್ಯಾಲ್ಸಿಯಂ, ವಿಟಮಿನ್ ಡಿ ಡಾಕ್ಟರ್ ಹೇಳಿದಂಗ.

ಗುಳಿಗಿಗೂ ಬಿಸಲು ತಾಗತೈತಿ. ಡಬ್ಬಿ ಮ್ಯಾಲ 30 ಡಿಗ್ರಿಗಿಂತ ಕಡಿಮಿ ಅಂತ ಬರದಿದ್ರ ತಗಡಿನ ಮನಿ ಮಾಡದಾಗ, ಫ್ರಿಜ್ ತಲಿ ಮ್ಯಾಲ, ಬೈಕಿನ ಡಿಕ್ಕಿಯಾಗ ಇಡಬ್ಯಾಡ್ರಿ, ಮನ್ಯಾಗ ಎಲ್ಲಾದರಕಿಂತ ತಂಪಿರೋ ಕತ್ತಲ ಕೋಣಿ ಕಪಾಟು ಹುಡುಕ್ರಿ. ಟ್ರಾಸ್ಟುಜುಮಾಬ್ ನೀವ ಕೊಂಡು ಒಯ್ಯೋದಾದ್ರ 2ರಿಂದ 8 ಡಿಗ್ರಿ ತಂಪು ಬೇಕು, ಐಸ್ ಡಬ್ಬಿಯಾಗ ಒಯ್ರಿ, ಆದ್ರ ಐಸಿಗೆ ಸೀಸೆ ತಾಗಿ ಹೆಪ್ಪುಗಟ್ಟಿದ್ರೂ ಅದು ಕೆಟ್ಟಂಗ.

ಹೆಜ್ಜಿ 8: ಕೆಲಸ ಮತ್ತ ಆ ಕೈ

ಬಳ್ಳಾರಿ ಜೀನ್ಸ್ ಹೊಲಿಯೋ ಹೆಣ್ಮಕ್ಕಳು, ಸಿಂಧನೂರು ಕಡೆ ಭತ್ತ ನಾಟಿ, ಹತ್ತಿ ಬಿಡಿಸೋ ಅಕ್ಕಂದಿರು ಕೇಳೋದು ಒಂದ, ಕೆಲಸ ಮಾಡಬಹುದಾ ಅಂತ. ಮಾಡಬಹುದು, ಲೆಕ್ಕ ಹಾಕಿ. ನಾನು ಮದುವಿ ಸೀಜನ್ ಆರ್ಡರ್‌ನ ಸುತ್ತಿನ ಮೊದಲ ಎರಡು ವಾರದಾಗ ಮುಗಸ್ತೀನಿ, ಮೂರನೇ ವಾರ ಹುಕ್ಕು ಕಾಜಾ ಅಷ್ಟ, ಮಧ್ಯಾಹ್ನ ಒಂದು ತಾಸು ಬಾಗಲ ಹಾಕಿ ಮಲಗ್ತೀನಿ, ಗಿರಾಕಿಗೆ ಮೊದಲ ಹೇಳಿರ್ತೀನಿ.

ಕಂಕುಳ ಗಡ್ಡಿ ತಗದಿದ್ರ ಆ ಬದಿ ಕೈ ಬಾಳ ಜತನ. ಸೂಜಿ ಚುಚ್ಚಿದ್ದು, ಹತ್ತಿ ಕಾಯಿ ಗೀರಿದ್ದು, ರೊಟ್ಟಿ ಹಂಚು ತಾಗಿದ್ದು, ಸಣ್ಣ ಗಾಯ ಅಂತ ಬಿಟ್ರ ಕೈ ಕೆಂಪಾಗಿ ಬಾತುಬಿಡತೈತಿ, ಹಂಗಾದ್ರ ಅವತ್ತ ಆಸ್ಪತ್ರಿ. ಹೊಲದಾಗ ಕೈಗವಸು, ಉದ್ದ ತೋಳಿನ ಅಂಗಿ. ಬಿಗಿ ಬಳಿ, ಬಿಪಿ ಪಟ್ಟಿ, ಸಲೈನ್ ಎಲ್ಲಾ ಇನ್ನೊಂದು ಕೈಗೆ. ನೀರಿನ ಕೊಡ ಹೊರೋದನ್ನ ಒಮ್ಮೆಲೇ ಅಲ್ಲ, ಅರ್ಧ ಕೊಡದಿಂದ ಶುರು ಮಾಡಿ ನಿಧಾನ.

ಹೆಜ್ಜಿ 9: ರೊಕ್ಕ ಮತ್ತ ದಾರಿ

ಪಾಲ್ಬೋ ಪೇಟೆಂಟ್ 2023ರ ಜನವರಿಗೆ ಮುಗೀತು, ಆಮ್ಯಾಲ ನಮ್ಮ ದೇಶದ ಕಂಪನಿಗಳು ಮಾಡಾಕ ಹತ್ತಿ ರೇಟು ಬಾಳ ಇಳೀತು. ಡಬ್ಬಿ ಮ್ಯಾಲಿನ ಎಂಆರ್‌ಪಿ ನೋಡಿ ಎದಿ ಒಡ್ಕೋಬ್ಯಾಡ್ರಿ, ನಾಲ್ಕು ಅಂಗಡಿ ಕೇಳ್ರಿ, ಕ್ಯಾನ್ಸರ್ ಔಷಧದಾಗ ರಿಯಾಯಿತಿ ದೊಡ್ಡದಿರತೈತಿ, ಬ್ರ್ಯಾಂಡ್ ಬದಲಾದ್ರ ಡಾಕ್ಟರಿಗೆ ಹೇಳ್ರಿ, ಬಿಲ್ ತಗೊಳ್ರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದತನ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, 1.5 ಲಕ್ಷದ ಮಿತಿ. ನಿಮ್ಮ ಔಷಧ ಅದರಾಗ ಬರತೈತಾ ಅಂತ ಆಸ್ಪತ್ರಿಯಾಗಿನ ಆರೋಗ್ಯ ಮಿತ್ರನ್ನ ಕೇಳ್ರಿ, ಕೌಂಟರ್‌ನಾಗ ಒಬ್ಬರು ಇಲ್ಲ ಅಂದ್ರ ಇನ್ನೊಬ್ಬರನ್ನ ಕೇಳ್ರಿ, ನಂಗ ಎರಡನೇ ಸಲಕ್ಕ ಹೌದು ಅಂದ್ರು.

ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ, ಕಲಬುರಗಿಯಾಗಿನ ಕಿದ್ವಾಯಿ ಕೇಂದ್ರ, ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಹೆಚ್ಚಾಗಿ ಓಡಾಡೋ ಜಾಗ ಇವು. ಕ್ಯಾನ್ಸರ್ ಪೇಶೆಂಟಿಗೆ ಚಿಕಿತ್ಸಾಕ್ಕ ಹೋಗೋ ರೈಲಿನ್ಯಾಗ ಸ್ಲೀಪರ್ ಮತ್ತ ಥರ್ಡ್ ಎಸಿ ಪೂರಾ ಮಾಫಿ, ಜೊತಿಗೆ ಬರೋರಿಗೆ ಅದ ಬೋಗಿಯಾಗ ಶೇ 75 ರಿಯಾಯಿತಿ. ಆಸ್ಪತ್ರಿಯವರು ರೈಲ್ವೆ ನಮೂನೆಯಾಗ ಸರ್ಟಿಫಿಕೇಟ್ ಬರದು ಕೊಡಬೇಕು, ಎರಡು ವರ್ಷ ನಂಗ ಇದನ್ನ ಯಾರೂ ಹೇಳಿರಲಿಲ್ಲ, ನೆನಸ್ಕೊಂಡ್ರ ಈಗಲೂ ಸಿಟ್ಟು ಬರತೈತಿ. ಹೊಸಪೇಟಿಯಾಗ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ರ ಮುಂಜಾನಿ ಬೆಂಗಳೂರು. ಬಳ್ಳಾರಿತನ ಆದ್ರ ಶಕ್ತಿ ಯೋಜನಾದಾಗ ಕೆಂಪು ಬಸ್ಸು ಫ್ರೀ, ಸ್ಲೀಪರ್ ಬಸ್ಸಿಗೆ ಇಲ್ಲ. ಹೋಗುವಾಗ ಮಾಸ್ಕ್, ಮನಿ ನೀರು, ಬುತ್ತಿ, ಮತ್ತ ಎರಡು ದಿನದ ಹೆಚ್ಚಿನ ಗುಳಿಗಿ.

ಹೆಜ್ಜಿ 10: ಮನಿ ಮಂದಿ

ಇದು ಅಂಟು ರೋಗ ಅಲ್ಲ. ತಾಟು ಲೋಟ ಬ್ಯಾರೆ ಇಡೋದು ಬ್ಯಾಡ, ಮೊಮ್ಮಕ್ಕಳನ್ನ ಎತ್ಕೊಂಡ್ರಿ, ಅವಕ್ಕ ನೆಗಡಿ ಇದ್ದಾಗ ಮಾತ್ರ ನೀವು ದೂರ, ನಿಮ್ಮ ಸಲುವಾಗಿ. ಗುಳಿಗಿ ಡಬ್ಬಿ ಅವರ ಕೈಗೆ ಸಿಗಬಾರದು. ಬಸುರಾಗೋ ವಯಸ್ಸಿನವರು ಇದನ್ನ ನಾಚದ ಕೇಳ್ರಿ: ಔಷಧ ನಡದಾಗ ಬಸುರಾಗಬಾರದು, ಟ್ರಾಸ್ಟುಜುಮಾಬ್ ಆದ್ರ ನಿಲ್ಲಿಸಿದ ಮ್ಯಾಲೂ 7 ತಿಂಗಳು, ಮತ್ತ ಹಾರ್ಮೋನ್ ಇರೋ ಗರ್ಭನಿರೋಧಕ ಗುಳಿಗಿ ನಮಗಲ್ಲ, ಕಾಪರ್ ಟಿ, ನಿರೋಧ್ ಇಂಥವು. ಲೆಟ್ರೋಜೋಲ್‌ನಿಂದ ಕೆಳಗ ಒಣಗಿ ಉರಿ ಆಗತೈತಿ, ಗಂಡ ಹೆಂಡ್ತಿ ನಡುವ ಇದ ದೊಡ್ಡ ಗೋಡಿ ಆಗಿಬಿಡತೈತಿ, ನೀರಿನಂಶದ ಜೆಲ್ ಮೆಡಿಕಲ್‌ನಾಗ ಸಿಗತೈತಿ, ಹಾರ್ಮೋನ್ ಕ್ರೀಮ್ ಮಾತ್ರ ಕೇಳದ ಹಚ್ಚಬ್ಯಾಡ್ರಿ. ನನ್ನ ಗಂಡಗ ಇದನ್ನ ನಾನು ಬಾಯಿಬಿಟ್ಟು ಹೇಳೋಕ ಎಂಟು ತಿಂಗಳು ಹಿಡೀತು. ಹೇಳಿದ ಮ್ಯಾಲ ಅಂವ ಅಂದಿದ್ದು, "ನಾ ನಿನಗ ಬ್ಯಾಸರ ಆಗೀನಿ ಅನ್ಕೊಂಡಿದ್ದೆ" ಅಂತ.

ಇವತ್ತು ಬಿಡುವಿನ ಆರನೇ ದಿನ. ಮುಂಜಾನಿ ಲ್ಯಾಬಿಗೆ ರಕ್ತ ಕೊಟ್ಟು ಬಂದೀನಿ, ಸಂಜಿ ರಿಪೋರ್ಟ್ ಬರತೈತಿ, 1000ದ ಮ್ಯಾಲ ಇದ್ದು ಮೇಡಂ ಹೂಂ ಅಂದ್ರ ನಾಡದು ಶುಕ್ರವಾರದಿಂದ ಗೀಟು ಶುರು. ಕೆಂಪು ಪೆನ್ನಿನ ಶಾಯಿ ಮುಗದೈತಿ, ಮಗಳಿಗೆ ಸಾಲಿಯಿಂದ ಬರುವಾಗ ತಾ ಅಂತ ಹೇಳೀನಿ.